ಎರಡನೇ ಮಹಡಿಯ ಕಾವಲು

ಜನವರಿ ೧೯, ಮಂಗಳವಾರ
ಆಸ್ಪತ್ರೆಯ ಎರಡನೇ ಮಹಡಿ

ನನ್ನ ಗುಬ್ಬಿಗೆ ಅಮ್ಮನ ಆಶೀರ್ವಾದ.

ಮೊದಲು ಸುದ್ದಿ. ನಿಮ್ಮಪ್ಪ ಇದ್ದಾರೆ. ಎದೆ ತೆರೆದು, ಹೊಲಿದು, ಮಲಗಿಸಿದ್ದಾರೆ. ನಿನ್ನೆ ಕಣ್ಣು ಬಿಟ್ಟರು. ಗಂಟಲೊಳಗೆ ನಳಿಗೆ ಇರುವುದರಿಂದ ಮಾತಿಲ್ಲ. ಗಂಡಾಂತರ ಪೂರ್ತಿ ಕಳೆದಿಲ್ಲ, ಈ ವಾರ ದಾಟಬೇಕು ಎಂದು ಸರ್ಜನ್ ಮೇಡಂ ಹೇಳಿದ್ದಾರೆ. ಇಷ್ಟು ಓದಿಕೊಂಡು ಒಮ್ಮೆ ಉಸಿರು ಬಿಡು, ಆಮೇಲೆ ಮುಂದಕ್ಕೆ ಓದು. ಮುಂದೆ ಇರುವುದೆಲ್ಲ ನನ್ನ ಸಿಟ್ಟು.

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯಲಿಲ್ಲ. ಕ್ಷಮಿಸು ಎಂದು ಬರೆಯಬೇಕು, ಬರೆದಿದ್ದೇನೆ ಅಂದುಕೋ. ಹಿಮ ಬಿದ್ದು ನಿಮ್ಮ ಕಣಿವೆಯ ರಸ್ತೆ ಮುಚ್ಚಿದೆಯಂತೆ. ರಸ್ತೆ ತೆರೆಯುವ ಯಂತ್ರ ಓಡಿಸುವವಳು ನೀನು, ನೀನೇ ಇಳಿದು ಬರಲಾಗದೆ ಅಲ್ಲಿ ಕೂತಿದ್ದೀಯ. ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ. ಹಿಮದ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ತಲೆ ಕೆಟ್ಟಿಲ್ಲ ಇನ್ನೂ. ಫೋನಿನಲ್ಲಿ ಮೂರು ನಿಮಿಷ ಸಿಕ್ಕರೆ ನಾನು ಬರೀ ಅಳುತ್ತೇನೆ, ಇಲ್ಲ ಬರೀ ಬೈಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮಗೆ ಸಾಮಾನು ಇಳಿಸುವ ಹೆಲಿಕಾಪ್ಟರಿನಲ್ಲಿ ಇದನ್ನು ಕಳಿಸುವ ಏರ್ಪಾಡು ಮಾಡಿರುವುದು ಅಪ್ಪನ ಪ್ಲಟೂನಿನ ನಿನ್ನ ರೇಡಿಯೊ ಮಾಮ. ಯಾರನ್ನು ಹಿಡಿದರೋ, ಯಾರ ತಲೆ ತಿಂದರೋ ನಾನು ಕೇಳಲಿಲ್ಲ.

ಹೋದ ಬುಧವಾರ ಮಧ್ಯಾಹ್ನ ನಾನು ಕನ್ನಡಕದ ಅಂಗಡಿಯಲ್ಲಿ ಒಬ್ಬ ಪೋಸ್ಟ್‌ಮ್ಯಾನ್ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಗಾಜು ಬದಲಿಸುತ್ತ, 'ಇದು ಚೆನ್ನಾಗಿ ಕಾಣುತ್ತಾ, ಮೊದಲಿಂದು ಚೆನ್ನಾಗಿತ್ತಾ' ಎಂದು ಕೇಳುತ್ತಿದ್ದೆ. ಫೋನ್ ಬಂತು. "ಅತ್ತಿಗೆ, ಗಾಬರಿ ಆಗ್ಬೇಡಿ. ದೊಡ್ಡಾಸ್ಪತ್ರೆಗೆ ಬನ್ನಿ. ಅಣ್ಣನ ಜೊತೆ ನಾನಿದೀನಿ." ಉದ್ದಣ್ಣನ ಧ್ವನಿ. ಅದೇ, ನಿಮ್ಮಪ್ಪನ ಪ್ಲಟೂನಿನ ಉದ್ದಣ್ಣ, ಈಗ ಗೋದಾಮು ಕಾಯುವವರು, ನಮ್ಮ ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ತಲೆ ಬಗ್ಗಿಸುವವರು. ನಾನು ಇದ್ದ ಹಾಗೇ ಎದ್ದು ಓಡಿದೆ. ಆ ಪೋಸ್ಟ್‌ಮ್ಯಾನ್ ಚೌಕಟ್ಟು ಹಾಕಿಕೊಂಡೇ "ಅಮ್ಮಾ, ನನ್ನ ಕಣ್ಣು!" ಎನ್ನುತ್ತ ರಸ್ತೆಯವರೆಗೆ ಹಿಂದೆ ಬಂದನಂತೆ. ಅಂಗಡಿಯ ಯಜಮಾನರು ಆಮೇಲೆ ಅದನ್ನು ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ನಿಮ್ಮಪ್ಪ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಒಬ್ಬ ಹೆಂಗಸಿಗೆ ರಿವರ್ಸ್ ಹಾಕುವುದನ್ನು ಕಲಿಸುತ್ತಿದ್ದರಂತೆ. ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡರು. ಕಲಿಸುವವರ ಕಾಲ ಬಳಿ ಇನ್ನೊಂದು ಬ್ರೇಕ್ ಇರುತ್ತದಲ್ಲ, ಅದನ್ನು ಒತ್ತಿ, ಕಾರು ನಿಲ್ಲಿಸಿ, ಕೀಲಿ ತಿರುಗಿಸಿ, "ಹ್ಯಾಂಡ್‌ಬ್ರೇಕ್ ಹಾಕಮ್ಮ" ಎಂದು ಹೇಳಿ, ಆಮೇಲೆ ಬಿದ್ದರು. ಆ ಹೆಂಗಸು ಕೂಗಾಡಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿತ್ತು, 'ನನಗೇನಾದರೂ ಆದರೆ ಈ ನಂಬರಿಗೆ' ಎಂದು ನಿಮ್ಮಪ್ಪನದೇ ಅಕ್ಷರದಲ್ಲಿ. ಅದಕ್ಕೆ ಫೋನ್ ಮಾಡಿದಳು. ಅದು ನನ್ನ ನಂಬರ್ ಅಲ್ಲ, ಗುಬ್ಬಿ. ಇಷ್ಟು ವರ್ಷ ಅವರ ಜೊತೆ ಸಂಸಾರ ಮಾಡಿದವಳ ನಂಬರ್ ಅಲ್ಲ. ಉದ್ದಣ್ಣನದು.

ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವರು ಎಲ್ಲವನ್ನೂ ಓಡಾಡಿ ಮುಗಿಸಿದ್ದರು. ಆಗ ಆ ಚೀಟಿಯ ಬಗ್ಗೆ ಯೋಚಿಸಲು ಪುರುಸೊತ್ತು ಎಲ್ಲಿತ್ತು? ಬಾಗಿಲು ತೆರೆದು ಸರ್ಜನ್ ಮೇಡಂ ಹೊರಗೆ ಬಂದರು. ಗಿಡ್ಡ ಹೆಂಗಸು, ಆದರೆ ಧ್ವನಿ ಕೇಳಿದರೆ ಗೋಡೆಯೂ ಎದ್ದು ನಿಲ್ಲಬೇಕು. "ಎದೆಯ ದೊಡ್ಡ ರಕ್ತನಾಳ ಸೀಳಿದೆ. ಈ ತೊಂದರೆ ಮೊದ್ಲಿಂದ ಇತ್ತಾ? ಯಾವ ಮಾತ್ರೆ ತಗೋತಿದ್ರು? ಬೇಗ ಹೇಳಿ!" ನಾನು ಹೇಳಿದೆ, "ಏನೂ ಇಲ್ಲ ಡಾಕ್ಟ್ರೇ. ಅವರಿಗೆ ನೆಗಡಿ ಕೂಡ ಬರಲ್ಲ."

ನನ್ನ ಹಿಂದೆ ಬೂಟಿನ ಹಿಮ್ಮಡಿಗಳು ಟಕ್ಕೆಂದವು.

"ಮೇಡಂ!" ಉದ್ದಣ್ಣ. ಎದೆ ಮುಂದೆ, ಕೈ ಕೆಳಗೆ, ಕಣ್ಣು ಗೋಡೆಯ ಮೇಲೆ. "ರಕ್ತನಾಳ ಊದಿಕೊಂಡಿರೋದು ಜುಲೈ ತಿಂಗಳ ತಪಾಸಣೆಯಲ್ಲಿ ಗೊತ್ತಾಯ್ತು, ಮೇಡಂ! ಮಿಲಿಟರಿ ಆಸ್ಪತ್ರೆ, ಮೇಡಂ! ಐದು ಸೆಂಟಿಮೀಟರ್ ದಾಟಿದೆ ಅಂದ್ರು. ಆಪರೇಷನ್ ಮಾಡಿಸ್ಕೊಳ್ಳಿ ಅಂದ್ರು, ಮುಂದಕ್ಕೆ ಹಾಕಿದ್ರು. ಬಿಪಿ ಮಾತ್ರೆ ದಿನಕ್ಕೆರಡು, ಕಾರಿನ ಡಬ್ಬಿಯಲ್ಲಿ ಇಟ್ಕೊಂಡಿದ್ರು. ಭಾರ ಎತ್ತಬಾರದು ಅಂತ ಹೇಳಿದ್ರು, ಎತ್ತಿಲ್ಲ, ಮೇಡಂ!"

ಒಂದೇ ಉಸಿರಿಗೆ. ಮೇಲಿನವರು ಕೇಳಿದರೆ ಕೆಳಗಿನವರು ಇದ್ದದ್ದು ಇದ್ದಂತೆ ಹೇಳಬೇಕು ಎಂದು ಅವರನ್ನು ಹದಿನೆಂಟರ ವಯಸ್ಸಿನಲ್ಲಿ ತಿದ್ದಿದ್ದಾರಲ್ಲ, ಆ ಅಭ್ಯಾಸ ಬಾಯಿಂದ ಹಾರಿಬಂತು. ಹೇಳಿ ಮುಗಿದ ಮೇಲೆ ಪಕ್ಕದಲ್ಲಿ ನಾನಿದ್ದೇನೆ ಎಂಬುದು ನೆನಪಾಯಿತು. ಆ ಮುಖವನ್ನು ನೀನು ನೋಡಬೇಕಿತ್ತು. ಅಷ್ಟೆತ್ತರದ ಮನುಷ್ಯ ನಿಂತಲ್ಲೇ ಕುಗ್ಗಿಹೋದರು.

ಮೇಡಂ ಒಳಗೆ ಓಡಿದರು. ಆ ಮಾತು ಸಮಯಕ್ಕೆ ಸಿಕ್ಕಿದ್ದರಿಂದಲೇ ಜೀವ ಉಳಿಸಲು ಆಯಿತು ಎಂದು ಆಮೇಲೆ ಅವರೇ ಹೇಳಿದರು. ಸರಿ. ಉದ್ದಣ್ಣನ ಕಾಲಿಗೆ ಬೀಳಬೇಕೋ ಕಪಾಳಕ್ಕೆ ಬಾರಿಸಬೇಕೋ ತಿಳಿಯದೆ ನಾನು ಗೋಡೆಗೆ ಒರಗಿ ನಿಂತೆ. ಜುಲೈ ತಿಂಗಳಿಂದ! ನಾನು ಕಣ್ಣು ಪರೀಕ್ಷೆ ಮಾಡಿ ಹೊಟ್ಟೆ ಹೊರೆಯುವವಳು. ಮನೆಯಲ್ಲಿ ಎದುರಿಗೆ ಕೂತು ಉಣ್ಣುತ್ತಿದ್ದ ಮನುಷ್ಯನ ಎದೆಯಲ್ಲಿ ಇಂಥದೊಂದು ಇದೆ ಎಂದು ಗೋದಾಮಿನ ಕಾವಲುಗಾರರಿಗೆ ಗೊತ್ತು, ನನಗೆ ಗೊತ್ತಿಲ್ಲ. ಅಷ್ಟು ದಿನ ಅವರು ಭಾರ ಎತ್ತದಿದ್ದಾಗ ನಾನು ಏನೇನು ಅಂದಿದ್ದೇನೆ ಎಂಬುದೆಲ್ಲ ಒಂದೊಂದಾಗಿ ಕಿವಿಗೆ ಬರತೊಡಗಿತು. ರಜೆಗೆ ಬಂದಿದ್ದಾಗ ನೀನೂ ಕೇಳಿದ್ದೀಯಲ್ಲ.

ರಕ್ತ ಬೇಕಾಯಿತು. ಕೇಳುವ ಮೊದಲೇ ಬಂದರು. ಪ್ಲಟೂನಿನಲ್ಲಿ ವಯರ್‌ಲೆಸ್ ನೋಡಿಕೊಳ್ಳುತ್ತಿದ್ದ ನಿನ್ನ ರೇಡಿಯೊ ಮಾಮ ಒಂದು ಮೂಲೆಯಲ್ಲಿ ನಿಂತು ಫೋನ್ ಮೇಲೆ ಫೋನ್ ಮಾಡಿದರು. ಶಾಲೆಯ ಬಸ್ ಓಡಿಸುವವರು, ಪೆಟ್ರೋಲ್ ಬಂಕಿನವರು, ಬ್ಯಾಂಕಿನ ಬಾಗಿಲಲ್ಲಿ ನಿಲ್ಲುವವರು, ಎಲ್ಲ ಅದೇ ಹಳೆಯ ಪ್ಲಟೂನಿನವರು, ತೋಳು ಮಡಚಿಕೊಂಡೇ ಮೆಟ್ಟಿಲು ಹತ್ತಿ ಬಂದರು. ಅರವತ್ತು ದಾಟಿದವರಿಂದ ರಕ್ತ ತೆಗೆಯುವುದಿಲ್ಲ ಎಂದು ರಕ್ತನಿಧಿಯ ಹುಡುಗಿ ಹೇಳಿದ್ದಕ್ಕೆ ರೇಡಿಯೊ ಮಾಮ ತಮ್ಮ ವಯಸ್ಸನ್ನು ಅಲ್ಲೇ ಇಳಿಸಲು ನೋಡಿದರು. ಅವಳು ಬಿಡಲಿಲ್ಲ. ಅವಮಾನವಾದ ಹಾಗೆ ಹೋಗಿ ಕೂತರು.

ಆ ದಿನದಿಂದ ಈ ಎರಡನೇ ಮಹಡಿ ಅವರ ಠಾಣೆ. ತೀವ್ರ ನಿಗಾ ಘಟಕದ ಬಾಗಿಲಿಗೆ ಎದುರಾಗಿ ಒಂದು ಮರದ ಬೆಂಚಿದೆ. ಅದರ ಮೇಲೆ ಯಾವಾಗಲೂ ಒಬ್ಬರು ಇರಲೇಬೇಕು, ಸರದಿ ಪ್ರಕಾರ. ಸರದಿ ಮುಗಿದವರು ಸುಮ್ಮನೆ ಎದ್ದು ಹೋಗುವ ಹಾಗಿಲ್ಲ. ಬಂದವರಿಗೆ ನಡೆದದ್ದೆಲ್ಲ ಹೇಳಬೇಕು. "ಬಾಗಿಲು ಎರಡು ಸಲ ತೆರೀತು. ಕೆಂಪು ಚಪ್ಪಲಿ ನರ್ಸ್ ಒಳಗೆ ಹೋದ್ರು, ಕೈಯಲ್ಲಿ ಟ್ರೇ ಇತ್ತು. ಚಿಕ್ಕ ಡಾಕ್ಟ್ರು ಹೊರಗೆ ಬಂದು ಆಕಳಿಸಿದ್ರು. ಆಕಳಿಸಿದ್ರು ಅಂದ್ರೆ ಗಾಬರಿ ಇಲ್ಲ. ಕಾವಲು ಒಪ್ಪಿಸಿದೆ." ಬಂದವರು ಎಲ್ಲ ಕೇಳಿ, "ಒಪ್ಪಿಸಿಕೊಂಡೆ" ಎನ್ನಬೇಕು. ಆ ಒಂದು ಮಾತು ಬರುವ ತನಕ ಮೊದಲಿನವರು ಬೆಂಚು ಬಿಡುವುದಿಲ್ಲ, ಹೊಟ್ಟೆ ಚುರುಗುಟ್ಟುತ್ತಿದ್ದರೂ ಬಿಡುವುದಿಲ್ಲ. ನಿನಗೆ ಇದೆಲ್ಲ ಹೊಸದಲ್ಲ. ನನಗೆ ಹೊಸದು. ಮೊದಲ ದಿನ ಹುಚ್ಚಾಟ ಎನಿಸಿತು. ಎರಡನೇ ದಿನ ಬೇರೆ ರೋಗಿಗಳ ಮನೆಯವರೂ ಬಂದು, "ಸ್ವಲ್ಪ ನಮ್ಮೋರ ಕಡೆಗೂ ಗಮನ ಇರಲಿ" ಎಂದು ಇವರಿಗೇ ಹೇಳಿ ಊಟಕ್ಕೆ ಹೋಗತೊಡಗಿದರು. ಆಸ್ಪತ್ರೆಯ ಸೆಕ್ಯುರಿಟಿಯವನು ಇವರನ್ನು ಕಂಡರೆ ಈಗ ಟೋಪಿ ಸರಿ ಮಾಡಿಕೊಳ್ಳುತ್ತಾನೆ.

ಇನ್ನು ಸೌಟು ಮಾಮ. ಪ್ಲಟೂನಿಗೆಲ್ಲ ಅಡುಗೆ ಮಾಡಿ ಹಾಕಿದವರು, ಅದಕ್ಕೇ ಆ ಹೆಸರು. ನನ್ನ ಕೈಯಿಂದ ಮನೆಯ ಕೀಲಿ ಇಸಿದುಕೊಂಡು ನನ್ನ ಅಡುಗೆಮನೆಗೆ ನುಗ್ಗಿದರು. ಮೂರು ಹೊತ್ತೂ ಡಬ್ಬಿಯಲ್ಲಿ ಬಿಸಿ ಊಟ ತಂದುಕೊಡುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಶುಕ್ರವಾರ ಸ್ನಾನಕ್ಕೆಂದು ಮನೆಗೆ ಹೋದರೆ ನನ್ನ ಒಂದು ಡಬ್ಬಿಯೂ ಇದ್ದ ಜಾಗದಲ್ಲಿಲ್ಲ. ಎಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದಾರೆ. ಉಪ್ಪು ಹುಡುಕಿ ಹುಡುಕಿ, ಸಿಗದೆ, ನೆಲದ ಮೇಲೆ ಕೂತು ಅತ್ತೆ. ಅಷ್ಟು ದಿನ ಬಾರದ ಅಳು ಉಪ್ಪಿನ ಡಬ್ಬಿಗೆ ಬಂತು ನೋಡು.

ನಿನ್ನ ದೊಡ್ಡಪ್ಪನೂ ಬಂದಿದ್ದರು. ಬಂದರು ಅನ್ನುವುದಕ್ಕಿಂತ ಹಾದುಹೋದರು ಎಂದರೆ ಸರಿ. ಬೆಂಚಿನ ತುದಿಯಲ್ಲಿ ಕೂತು, ಇಸ್ತ್ರಿ ಪ್ಯಾಂಟು ಮುದುರದ ಹಾಗೆ ಮಂಡಿಯ ಹತ್ತಿರ ಎತ್ತಿಕೊಂಡು, "ಇಷ್ಟು ದೊಡ್ಡ ಕಾಯಿಲೆ ಹೆಂಡ್ತಿಗೆ ಗೊತ್ತಾಗ್ಲಿಲ್ಲ ಅಂದ್ರೆ ಏನಮ್ಮ ಇದು" ಅಂದರು. ನನ್ನ ಮೈಯೆಲ್ಲ ಉರಿದುಹೋಯಿತು. "ಭಾವ, ನೀವು ಅವರ ಒಡಹುಟ್ಟಿದವರು. ನಿಮಗೆ ಗೊತ್ತಾಯ್ತಾ?" ಎಂದೆ. ಆಮೇಲೆ ಟ್ರಾಫಿಕ್ಕಿನ ವಿಷಯ ಮಾತಾಡಿ ಎದ್ದರು. "ಏನಾದ್ರೂ ಬೇಕಾದ್ರೆ ಹೇಳು" ಎಂದು ಲಿಫ್ಟಿನ ಬಾಗಿಲು ಮುಚ್ಚುವಾಗ ಹೇಳಿದರು. ಬಾಗಿಲು ಮುಚ್ಚಿದ ಮೇಲೆ ಯಾರಿಗೆ ಹೇಳಲಿ?

ಆ ಉರಿ ತಣಿಯುವ ಮೊದಲೇ ಸಿಕ್ಕಿದ್ದು ಈ ಮೂವರು. ಶನಿವಾರ ಬೆಳಿಗ್ಗೆ. ಉದ್ದಣ್ಣ ಬೆಂಚಿನಲ್ಲಿ, ರೇಡಿಯೊ ಮಾಮ ಅವರನ್ನು ಬಿಡಿಸಲು ಬಂದವರು, ಸೌಟು ಮಾಮ ಡಬ್ಬಿ ಹಿಡಿದು. ನಾನು ಕೇಳಿದೆ, "ನಿಮಗೆ ಮೂವರಿಗೂ ಗೊತ್ತಿತ್ತಾ?" ಮಾತಿನ ಮಲ್ಲ ರೇಡಿಯೊ ಮಾಮ ಕೂಡ ನೆಲ ನೋಡಿದರು. "ಜುಲೈಯಿಂದ ನನ್ನ ಮನೇಲಿ ಎಷ್ಟು ಸಲ ಕಾಫಿ ಕುಡಿದಿದ್ದೀರಿ? ಒಬ್ಬರಿಗಾದ್ರೂ ಬಾಯಿ ಬರಲಿಲ್ವಾ?"

"ಅಣ್ಣ ಮಾತು ತಗೊಂಡಿದ್ರು, ಅತ್ತಿಗೆ," ಎಂದರು ಉದ್ದಣ್ಣ.

"ನಾನೇನು ಗಡಿಯಾಚೆಯ ಶತ್ರುವೇ, ನನ್ನಿಂದ ಗುಟ್ಟು ಕಾಯೋದಕ್ಕೆ?"

"ಫಲಿತಾಂಶ ಗೊತ್ತಾಗೋ ತನಕ ಮನೆಗೆ ಸುದ್ದಿ ಇಲ್ಲ. ಅದು ನಮ್ಮ ಪ್ಲಟೂನಿನ ಕಟ್ಟಳೆ, ಅತ್ತಿಗೆ."

ಕಟ್ಟಳೆ! ನಾನು ಬಾಯಿಗೆ ಬಂದ ಹಾಗೆ ಅಂದೆ. ಆಸ್ಪತ್ರೆ ಎನ್ನುವುದನ್ನೂ ಮರೆತೆ. ನಿಮ್ಮ ಕಟ್ಟಳೆ, ನಿಮ್ಮ ಸರದಿ, ನಿಮ್ಮ ಡಬ್ಬಿ ಎಲ್ಲ ತೆಗೆದುಕೊಂಡು ಹೊರಡಿ ಎಂದೆ. ನನ್ನ ಗಂಡನನ್ನು ನಾನು ಕಾಯುತ್ತೇನೆ, ನಿಮ್ಮ ಹಂಗು ಬೇಡ ಎಂದೆ. ಕೆಂಪು ಚಪ್ಪಲಿಯ ನರ್ಸ್ ಬಾಗಿಲು ತೆರೆದು "ಶ್!" ಎಂದಳು. ಅವರು ಒಂದು ಮಾತೂ ಎದುರಾಡದೆ ಸಾಲಾಗಿ ಮೆಟ್ಟಿಲಿಳಿದು ಹೋದರು. ಸೌಟು ಮಾಮ ಮಾತ್ರ ಡಬ್ಬಿಯನ್ನು ಬೆಂಚಿನ ಕೆಳಗೆ ತಳ್ಳಿ ಹೋಗಿದ್ದರು.

ಕೂತೆ. ಒಬ್ಬಳೇ. ಗೆದ್ದವಳ ಹಾಗೆ ಸೆಟೆದು ಕೂತೆ. ಸ್ವಲ್ಪ ಹೊತ್ತಿಗೆ ಬಾತ್‌ರೂಮಿಗೆ ಹೋಗಬೇಕೆನಿಸಿತು. ನಗಬೇಡ. ಅದು ಕೆಳಗಿನ ಮಹಡಿಯಲ್ಲಿದೆ. ನಾನು ಅತ್ತ ಹೋದಾಗಲೇ ಬಾಗಿಲು ತೆರೆದು 'ಇವರ ಕಡೆಯವರು ಯಾರು' ಎಂದು ಕರೆದರೆ? ಹಿಂದಿನ ದಿನ ಒಬ್ಬ ಮುದುಕಿ ಕೈ ತೊಳೆಯಲು ಹೋಗಿದ್ದಳು. ಅಷ್ಟರಲ್ಲಿ ಅವಳ ಮಗನ ಹೆಸರು ಕರೆದರು, ಅವಳು ಬಂದಾಗ ಎಲ್ಲ ಮುಗಿದಿತ್ತು. ಅದು ಕಣ್ಣ ಮುಂದೆ ಬಂತು. ಪಕ್ಕದವರಿಗೆ ಹೇಳೋಣವೆಂದರೆ ಅವರೆಲ್ಲ ಅವರವರ ಸಂಕಟದಲ್ಲಿ. ಹಲ್ಲು ಕಚ್ಚಿ ಕೂತೆ. ಮಧ್ಯಾಹ್ನವಾಯಿತು. ಕೊನೆಗೆ ತಡೆಯಲಾಗದೆ, ಬಾಗಿಲ ಮೇಲೆ ಒಂದು ಕಣ್ಣಿಟ್ಟುಕೊಂಡೇ ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದೆ. ಗೇಟಿನ ಆಚೆ, ಟೀ ಅಂಗಡಿಯ ತಗಡಿನ ಕೆಳಗೆ, ಮೂವರೂ ನಿಂತಿದ್ದರು. ಇಬ್ಬರು ಟೀ ಕುಡಿಯುತ್ತಿದ್ದರು. ಒಬ್ಬರು ಕತ್ತೆತ್ತಿ ಈ ಕಿಟಕಿಯನ್ನೇ ನೋಡುತ್ತಿದ್ದರು. ಅಲ್ಲಿಯೂ ಸರದಿ!

ಸಿಟ್ಟು ನೆತ್ತಿಗೇರಿತು. ಆದರೂ ಕೈ ಬೀಸಿದೆ.

ಉದ್ದಣ್ಣ ಎರಡೆರಡು ಮೆಟ್ಟಿಲು ಹಾರಿ ಬಂದರು. "ಬಾಗಿಲು ಒಂದು ಸಲ ತೆರೀತು. ನೆಲ ಒರೆಸುವವಳು ಬಂದಳು, ಹೋದಳು. ಅಷ್ಟೇ," ಎಂದೆ. ನನ್ನ ಬಾಯಿಂದ ಹೇಗೆ ಬಂತೋ! ಅವರು ಬೆಂಚಿನಲ್ಲಿ ಕೂತು, ಕಣ್ಣು ಬಾಗಿಲಿಗೆ ನೆಟ್ಟು, "ಒಪ್ಪಿಸಿಕೊಂಡೆ ಅತ್ತಿಗೆ, ಹೋಗ್ಬನ್ನಿ" ಎಂದರು. ಮೆಟ್ಟಿಲು ಇಳಿಯುವಾಗ ಮೊದಲ ಸಲ ನನ್ನ ಭುಜ ಸ್ವಲ್ಪ ಸಡಿಲವಾಯಿತು. ಅದಕ್ಕೂ ಸಿಟ್ಟು ಬಂತು.

ತಿರುಗಿ ಬಂದು ಅವರ ಪಕ್ಕದಲ್ಲಿ ಕೂತೆ. ಅವರ ಕನ್ನಡಕದ ಒಂದು ಕಾಲು ಸಡಿಲವಾಗಿ ಕಿವಿಯಿಂದ ಜಾರುತ್ತಿತ್ತು, ಮೂರು ದಿನದಿಂದ ನೋಡಿ ನೋಡಿ ನನ್ನ ಕೈ ತುರಿಸುತ್ತಿತ್ತು. "ಕೊಡಿ ಇಲ್ಲಿ" ಎಂದು ಕಿತ್ತುಕೊಂಡೆ. ಚೀಲದಲ್ಲಿ ನನ್ನ ಚಿಕ್ಕ ಸ್ಕ್ರೂಡ್ರೈವರ್ ಇದ್ದೇ ಇರುತ್ತದೆ. ತಿರುಪು ಬಿಗಿ ಮಾಡುತ್ತ ಹೇಳಿದೆ, "ಈಗ ಹೇಳಿ. ಕಾವಲು ಒಪ್ಪಿಸುವಾಗ ಹೇಳ್ತೀರಲ್ಲ, ಹಾಗೆ. ಜುಲೈಯಿಂದ. ಒಂದೂ ಬಿಡಬಾರದು."

ಹೇಳಿದರು. ಹಳೆಯ ಸಿಪಾಯಿಗಳ ತಪಾಸಣೆಗೆ ನಾಲ್ವರೂ ಒಟ್ಟಿಗೆ ಹೋಗಿದ್ದರಂತೆ. ಸ್ಕ್ಯಾನ್ ಫಿಲ್ಮ್ ನೋಡಿ ಡಾಕ್ಟರು ನಿಮ್ಮಪ್ಪನನ್ನು ಮತ್ತೆ ಒಳಗೆ ಕರೆದರು. ಹೊರಗೆ ಬಂದವರು ಏನೂ ಆಗದವರ ಹಾಗೆ, "ನನ್ನ ಎಂಜಿನ್‌ನಲ್ಲಿ ಒಂದು ಪೈಪು ಉಬ್ಬಿದೆಯಂತೆ ಕಣ್ರೋ" ಎಂದು ನಕ್ಕರಂತೆ. ಆಪರೇಷನ್ನಿಗೆ ಡಾಕ್ಟರು ಆಗಲೇ ದಿನ ಕೊಡಲು ಸಿದ್ಧರಿದ್ದರು. ಇವರೇ ಬೇಡವೆಂದರು. ಏಪ್ರಿಲ್‌ನಲ್ಲಿ ಕಣಿವೆಯ ರಸ್ತೆ ತೆರೆಯುತ್ತದೆ, ಮಗಳಿಗೆ ದೊಡ್ಡ ರಜೆ ಸಿಗುತ್ತದೆ, ಆಗ ಮಾಡಿಸಿಕೊಳ್ಳುತ್ತೇನೆ. "ನಿಮ್ಮತ್ತಿಗೆ ಆಸ್ಪತ್ರೆ ಬೆಂಚಿನ ಮೇಲೆ ಒಬ್ಬಳೇ ಕೂರಬಾರದು ಕಣೋ. ಮಗಳು ಪಕ್ಕದಲ್ಲಿದ್ರೆ ತಡ್ಕೋತಾಳೆ. ಅಲ್ಲಿ ತನಕ ಹೇಳಿದ್ರೆ ಸುಮ್ನೆ ಸಾಯ್ತಾಳೆ," ಎಂದರಂತೆ.

ಕೇಳಿದೆಯಾ? ನನ್ನನ್ನು ಒಬ್ಬಳೇ ಕೂರಿಸಬಾರದೆಂದು ಎದೆಯೊಳಗೆ ಸಿಡಿಮದ್ದು ಇಟ್ಟುಕೊಂಡು ಅರ್ಧ ವರ್ಷ ಕಾರು ಓಡಿಸಿದ್ದಾರೆ ಮಹಾರಾಯರು! ಇಂಥ ಪ್ರೀತಿಯನ್ನು ತೆಗೆದುಕೊಂಡು ಹೋಗಿ ಯಾವ ಬಾವಿಗೆ ಹಾಕಲಿ?

ಕಟ್ಟಳೆಯ ವಿಷಯವನ್ನೂ ಕೇಳಿದೆ. ಉದ್ದಣ್ಣನ ಕನ್ನಡಕವಿಲ್ಲದ ಕಣ್ಣುಗಳು ಚಿಕ್ಕದಾಗಿ ಕಂಡವು. "ಒಂದು ಸಲ ಹಿಮ ಕುಸಿದು ನಾನು ಒಳಗೆ ಸಿಕ್ಕಾಕೊಂಡಿದ್ದೆ. ಸತ್ತ ಅಂತ ಯಾರೋ ಊರಿಗೆ ಸುದ್ದಿ ಮುಟ್ಟಿಸಿಬಿಟ್ರು, ಅತ್ತಿಗೆ. ಮಾರನೇ ದಿನ ನಿಮ್ಮವರೇ ನನ್ನ ಅಗೆದು ತೆಗೆದ್ರು. ನಾನು ಬದುಕಿದೆ. ನಮ್ಮಮ್ಮ ಆ ಸುದ್ದಿ ಕೇಳಿ ಮಲಗಿದವಳು ಏಳಲಿಲ್ಲ. ಅವತ್ತಿಂದ ನಾವೆಲ್ಲ ಮಾತು ಕೊಟ್ಕೊಂಡ್ವಿ, ಪೂರ್ತಿ ಗೊತ್ತಾಗದೆ ಮನೆಗೆ ಹೇಳೋದಿಲ್ಲ ಅಂತ."

ಕನ್ನಡಕ ಒರೆಸಿ ಅವರ ಕೈಗೆ ಕೊಟ್ಟೆ. ಅವರ ತಾಯಿಯ ವಿಷಯಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಆದರೆ ಹೇಳುವುದನ್ನು ಹೇಳಿಯೇ ಬಿಟ್ಟೆ. "ಅದು ಸುಳ್ಳು ಸುದ್ದಿ ಆಗಿತ್ತು, ಅಣ್ಣ. ಇದು ನಿಜ. ಎರಡಕ್ಕೂ ಒಂದೇ ಕಟ್ಟಳೆ ಹೇಗಾಗುತ್ತೆ?" ಅವರು ಕನ್ನಡಕ ಹಾಕಿಕೊಂಡು ಬಾಗಿಲನ್ನು ನೋಡಿದರು. "ನಮಗೆ ತಿಳೀಲಿಲ್ಲ, ಅತ್ತಿಗೆ" ಎಂದರು. ಅವರು ನನಗಿಂತ ದೊಡ್ಡವರು. ಅವರು ಹಾಗೆ ಅಂದಾಗ ನನಗೇ ಹೇಗೋ ಆಯಿತು.

ಈಗ ಸರದಿಯಲ್ಲಿ ನಾನೂ ಇದ್ದೇನೆ. ನನ್ನದು ಬೆಳಗಿನದು. ವರದಿ ಸರಿಯಾಗಿ ಒಪ್ಪಿಸದಿದ್ದರೆ ರೇಡಿಯೊ ಮಾಮ ತಿರುಗಿ ಕೇಳುತ್ತಾರೆ. ಅವರು ಒಪ್ಪಿಸುವಾಗ ನಾನೂ ಬಿಡುವುದಿಲ್ಲ. "ಚಿಕ್ಕ ಡಾಕ್ಟರ ಮುಖ ಹೇಗಿತ್ತು? ಬರೀ 'ಬಂದ್ರು ಹೋದ್ರು' ಅಂದ್ರೆ ಏನರ್ಥ?" ಎಂದು ಬೆವರಿಳಿಸುತ್ತೇನೆ. ಸೌಟು ಮಾಮನಿಗೆ ಡಬ್ಬಿಗಳನ್ನು ಇದ್ದ ಹಾಗೆ ಇಡಲು ಹೇಳಿದ್ದೇನೆ. "ಉಪ್ಪಿನ ಹೆಸರು ಬರೆದು ಅಂಟಿಸಿಬಿಡ್ಲಾ ಅತ್ತಿಗೆ?" ಎಂದು ಕೇಳಿದರು. ಅಂಟಿಸಿ ಎಂದೆ.

ನಿನ್ನೆ ನನ್ನನ್ನು ಒಳಗೆ ಬಿಟ್ಟರು. ನಿಮ್ಮಪ್ಪ ಅಷ್ಟು ಸಣ್ಣಗಾಗಿ ಕಾಣುತ್ತಾರೆಂದು ಯಾರೂ ಹೇಳಿರಲಿಲ್ಲ. ಕೈಗೆ, ಕತ್ತಿಗೆ, ಮೂಗಿಗೆ ಎಲ್ಲ ಕಡೆ ಒಂದೊಂದು ನಳಿಗೆ. ಕಣ್ಣು ಬಿಟ್ಟು ನನ್ನನ್ನು ನೋಡಿದರು. ಅಷ್ಟು ದಿನದಿಂದ ಕೂಡಿಟ್ಟುಕೊಂಡದ್ದೆಲ್ಲ ಅಲ್ಲೇ ಹೊರಗೆ ಬಂತು. ಜುಲೈ, ಡ್ಯಾಶ್‌ಬೋರ್ಡಿನ ಚೀಟಿ, ಕಾರಿನ ಡಬ್ಬಿಯ ಮಾತ್ರೆ, ಒಂದನ್ನೂ ಬಿಡಲಿಲ್ಲ. ಮದುವೆಯಾದಾಗಿನಿಂದ ಎದುರು ಮಾತಿಲ್ಲದೆ ನಾನು ಬೈದದ್ದು ಅದೇ ಮೊದಲು. ತಪ್ಪು ಮಾಡಿ ಸಿಕ್ಕಿಬಿದ್ದಾಗ ಮಾಡುತ್ತಾರಲ್ಲ, ಹಾಗೆ ಮೆಲ್ಲಗೆ ಕಣ್ಣು ಮುಚ್ಚಿಕೊಂಡರು, ನಿದ್ದೆ ಬಂದವರ ಹಾಗೆ. ಯಂತ್ರವೊಂದು ಕುಯ್ ಎನ್ನತೊಡಗಿತು. "ಅಮ್ಮ, ಪೇಷೆಂಟ್‌ಗೆ ಬಿಪಿ ಏರ್ತಿದೆ, ಆಚೆ ಹೋಗಿ" ಎಂದಳು ಕೆಂಪು ಚಪ್ಪಲಿ. ಹೊರಡುವಾಗ ಅವರ ಬೆರಳು ನನ್ನ ಸೀರೆಯ ಅಂಚನ್ನು ಹಿಡಿದುಕೊಂಡಿತ್ತು. ಅವಳೇ ಬಿಡಿಸಬೇಕಾಯಿತು.

ಹೊರಗೆ ಬಂದು ಮೂವರಿಗೂ ಒಪ್ಪಿಸಿದೆ. "ಕಣ್ಣು ಬಿಟ್ಟರು. ಬೈಸಿಕೊಂಡರು. ಸೆರಗು ಹಿಡಿದರು." ರೇಡಿಯೊ ಮಾಮ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡರು.

ಸರಿ ಗುಬ್ಬಿ. ಅಲ್ಲಿ ಬೆಚ್ಚಗಿರು. ಆ ಯಂತ್ರದ ಮೇಲೆ ಕೂತಾಗ ಕಿವಿ ಮುಚ್ಚುವ ಟೋಪಿ ಹಾಕಿಕೋ, ನಿನಗೆ ಚಳಿಗೆ ಕಿವಿ ನೋವು ಬರುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈಯಿಂದ ರಸ್ತೆ ತೆರೆಯಲಿ, ಆ ರಸ್ತೆಯಲ್ಲಿ ಮೊದಲು ನೀನೇ ಇಳಿದು ಬರುವಂತಾಗಲಿ. ನಿನ್ನ ಅಪ್ಪ ನಿನ್ನನ್ನು ಬಾಯ್ತುಂಬ ಕರೆಯುವಂತಾಗಲಿ. ನೂರು ಕಾಲ ಬಾಳು.

ನಿನ್ನ
ಅಮ್ಮ

ಬರೆಯದೆ ಬಿಟ್ಟದ್ದು: ಮರೆತು ಬಿಟ್ಟದ್ದಲ್ಲ. ಲಕೋಟೆ ಅಂಟಿಸಿ, ಮತ್ತೆ ಹರಿದು ಇದನ್ನು ಬರೆಯುತ್ತಿದ್ದೇನೆ.

ಶನಿವಾರ ಉದ್ದಣ್ಣ ವರದಿ ಒಪ್ಪಿಸಿ ಮುಗಿಸಿದಾಗ ನಾನು ಕೊನೆಯದಾಗಿ ಒಂದು ಕೇಳಿದೆ, "ನಿಮ್ಮ ಮೂವರನ್ನ ಬಿಟ್ಟು ಇನ್ಯಾರಿಗಾದ್ರೂ ಗೊತ್ತಿತ್ತಾ?" ಅವರು ತಮ್ಮ ಬೂಟು ನೋಡಿಕೊಂಡರು. ಕಾವಲು ಒಪ್ಪಿಸುವಾಗ ಸುಳ್ಳು ಹೇಳುವ ಹಾಗಿಲ್ಲವಲ್ಲ, ಪಾಪ. "ಗುಬ್ಬಿಗೆ ಗೊತ್ತಿತ್ತು, ಅತ್ತಿಗೆ. ಅಕ್ಟೋಬರ್ ರಜೆಯಲ್ಲಿ ಅಣ್ಣನೇ ಹೇಳಿದ್ರು. ಏಪ್ರಿಲ್‌ಗೆ ರಜೆ ಹಾಕು ಅಂತ."

ಅಕ್ಟೋಬರಿನಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನ ನೆನಪಿದೆಯಾ? ನಿಮ್ಮಪ್ಪ ಬಾಗಿಲಲ್ಲಿ ಕೈ ಕಟ್ಟಿ ನಿಂತಿದ್ದರು. ನೀನು ಓಡಿಬಂದು ಅದನ್ನು ಹೆಗಲ ಮೇಲೆ ಎತ್ತಿಕೊಂಡೆ. ನಾನು ಒಲೆಯ ಹತ್ತಿರದಿಂದಲೇ ಕೂಗಿದೆ, "ಮಿಲಿಟರಿಯಲ್ಲಿ ಇದ್ದವರು ಅಂತ ಹೆಸರಿಗೆ! ಮಗಳ ಮೇಲೆ ಹೊರಿಸಿ ಕಂಬದ ಹಾಗೆ ನಿಂತಿದ್ದೀರಲ್ಲ, ಮೈಯಲ್ಲಿ ಗಂಡಸುತನ ಇದೆಯೇನ್ರೀ?" ಅವರು ನಕ್ಕರು. ನೀನೂ ನಕ್ಕೆ. ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡಿರಿ, ಅದನ್ನು ನಾನು ನೋಡಿದೆ. ಅಪ್ಪ ಮಗಳ ತಮಾಷೆ ಅಂದುಕೊಂಡೆ.

ಬಿದ್ದ ದಿನ ಬೆಳಿಗ್ಗೆಯೂ ಅದೇ ಮಾತು ಅಂದು ಕಳಿಸಿದ್ದೆ, ಗುಬ್ಬಿ. ಅವರು ಆ ಕಾರಿನಲ್ಲೇ ಹೋಗಿಬಿಟ್ಟಿದ್ದರೆ ನಾನು ಅವರಿಗೆ ಹೇಳಿದ ಕೊನೆಯ ಮಾತು ಅದೇ ಆಗುತ್ತಿತ್ತು. ಉದ್ದಣ್ಣ ಹೊರಗಿನವರು, ಅವರನ್ನು ಬಿಡು. ನಿಮ್ಮಪ್ಪನಿಗೆ ಬುದ್ಧಿ ಇಲ್ಲ, ಅದು ನನಗೆ ಮದುವೆಯಲ್ಲೇ ಗೊತ್ತು. ನೀನು ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ನೀನು ಒಂದು ಸಲ, ಒಂದೇ ಒಂದು ಸಲ, 'ಅಮ್ಮ, ಹಾಗನ್ನಬೇಡ' ಅಂದಿದ್ದರೆ ಸಾಕಿತ್ತು. ಕಾರಣ ಹೇಳುವುದೂ ಬೇಕಿರಲಿಲ್ಲ.

ರಸ್ತೆ ತೆರೆದ ಮೇಲೆ ಬಾ. ಅಪ್ಪನ ಹತ್ತಿರ ಓಡುವ ಮೊದಲು, ಆಸ್ಪತ್ರೆಯೋ ಮನೆಯೋ, ನಾನು ಎಲ್ಲಿದ್ದರೆ ಅಲ್ಲಿ ನನ್ನ ಪಕ್ಕದಲ್ಲಿ ಕೂರು. ಅವರು ನಿನಗೆ ಎಲ್ಲಿ ನಿಂತು ಹೇಳಿದರು, ಏನೆಂದು ಹೇಳಿದರು, ನೀನು ಅತ್ತೆಯಾ, ಅತ್ತಿದ್ದರೆ ಯಾರ ಮುಂದೆ ಅತ್ತೆ, ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಆ ಹಿಮದಲ್ಲಿ ಒಬ್ಬಳೇ ಹೇಗೆ ನಿದ್ದೆ ಮಾಡಿದೆ, ಮೊದಲಿನಿಂದ ಹೇಳು. ಒಂದೂ ಬಿಡಬೇಡ. ಎಲ್ಲ ಕೇಳುವ ತನಕ ನಾನು ಒಪ್ಪಿಸಿಕೊಂಡೆ ಎನ್ನುವುದಿಲ್ಲ.